ಅವರೆಕಾಳು ಹಿದುಕುವ ಹೊತ್ತಿನ ಕಥೆ

ಕೂಡಿಗೆ,
ಭಾನುವಾರ, ೪ ಫೆಬ್ರವರಿ ೨೦೨೪

ಚಿ.      ವೀಣಾಳಿಗೆ, ನಿನ್ನ ಅತ್ತೆ ರಾಮಮ್ಮ ಮಾಡುವ ಆಶೀರ್ವಾದಗಳು.

ಕಾಗದ ನೋಡಿ ಗಾಬರಿಯಾಗಬೇಡ. ನಾನೂ ನಿನ್ನ ಮಾವನೂ ಚೆನ್ನಾಗಿದ್ದೇವೆ. ಫೋನೂ ಕೆಟ್ಟಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಮೊದಲ ಕಾಗದ ನಿನಗೇ ಬರೆಯುತ್ತೇನೆ ಎಂದಿದ್ದೆನಲ್ಲ, ಇದು ಆ ಕಾಗದ. ಇನ್ನೊಂದು ಕಾರಣವೂ ಇದೆ. ಫೋನಿನಲ್ಲಿ ನಾನು ಒಂದು ಮುಖ್ಯವಾದ ಮಾತು ಎತ್ತಿದರೆ ಸಾಕು, ನೀನು 'ಊಟ ಆಯ್ತಾ ಅತ್ತೆ, ಡ್ರಾಪ್ಸ್ ಹಾಕ್ಕೊಂಡ್ರಾ ಅತ್ತೆ' ಎಂದು ಬೇರೆ ದಾರಿ ಹಿಡಿಯುತ್ತೀಯ. ಕಾಗದವಾದರೆ ನನ್ನ ಮಾತು ಮುಗಿಯುವವರೆಗೂ ನೀನು ಸುಮ್ಮನೆ ಕೂತು ಕೇಳಲೇಬೇಕು.

ಬಲಗಣ್ಣು ಈಗ ಚೆನ್ನಾಗಿ ಕಾಣುತ್ತಿದೆ. ಮೈಸೂರಿನಲ್ಲಿ ಪಟ್ಟಿ ಬಿಚ್ಚಿದಾಗ ಎದುರಿಗೆ ನಿನ್ನ ಮಾವ ನಿಂತಿದ್ದರು. ಇದೇನು, ಇಷ್ಟು ಮುದುಕರು ಯಾವಾಗ ಆದಿರಿ ಎಂದು ಕೇಳಿದೆ. 'ಮೊದ್ಲು ಕನ್ನಡಿ ನೋಡ್ಕೊ, ಆಮೇಲೆ ಮಾತಾಡು' ಅಂದರು. ಕೆಲವು ದಿನ ಒಲೆಯ ಹತ್ತಿರ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಅಡುಗೆಮನೆ ಅವರ ಪಾಲಿಗೆ ಬಂತು. ಮುದ್ದೆ ಪರವಾಗಿಲ್ಲ, ಗಂಟಿದ್ದರೂ ನುಂಗಬಹುದು. ಸಾರಿನಲ್ಲಿ ಉಪ್ಪು ಹುಡುಕಲು ಮಾತ್ರ ಈ ಹೊಸ ಕಣ್ಣೂ ಸಾಲಲಿಲ್ಲ. ಪಕ್ಕದ ಮನೆ ಮುತ್ತಮ್ಮ ಕನಿಕರಪಟ್ಟು ಪಲ್ಯ ತಂದುಕೊಡುತ್ತಿದ್ದಳು.

ಕೆಲಸವಿಲ್ಲದೆ ಕೂತವಳಿಗೆ ನಿನ್ನ ಕ್ರಿಸ್‌ಮಸ್ ರಜೆಯದೇ ಯೋಚನೆ. ನೀನು ಬಂದರೆ ನಮಗೆ ಅವರೆಕಾಯಿ ಕಾಲ ಶುರುವಾದ ಹಾಗೆ. ಸೊಗಡಿನ ಕಾಯಿ ಮೂಟೆಗಟ್ಟಲೆ ಬರುವುದು, ಸುಲಿಯುವುದು, ರಾತ್ರಿ ಕಾಳು ನೆನೆಹಾಕುವುದು, ಮಧ್ಯಾಹ್ನ ಜಗುಲಿಯ ಬಿಸಿಲಿನಲ್ಲಿ ಎಲ್ಲರೂ ಸುತ್ತ ಕೂತು ಕಾಳು ಒತ್ತಿ ಸಿಪ್ಪೆಯಿಂದ ಬೇಳೆ ಹಿದುಕುವುದು. ಮಧ್ಯದಲ್ಲಿ ಕಾಲು ಚಾಚಿಕೊಂಡು ಪುಸ್ತಕ ಹಿಡಿದ ಒಬ್ಬಳು. ಓದುವವರಿಗೆ ಹಿದುಕುವ ಕೆಲಸವಿಲ್ಲ, ಇದು ನಮ್ಮಪ್ಪನ ಕಾಲದಿಂದ ಬಂದ ಕಾನೂನು. ಅರಕಲಗೂಡಿನ ನಮ್ಮ ಮನೆಯಲ್ಲಿ ಅಪ್ಪ ಓದುತ್ತಿದ್ದ, ಅವ್ವ, ಅತ್ತೆಯರು, ನಾವು ಹುಡುಗಿಯರು ಹಿದುಕುತ್ತಿದ್ದೆವು. ಆ ಕೆಲಸದಿಂದ ತಪ್ಪಿಸಿಕೊಳ್ಳಲಿಕ್ಕೇ ನಾನು ಅಷ್ಟು ಬೇಗ ಓದು ಕಲಿತದ್ದು. ಮದುವೆಯಾಗಿ ಈ ಕಡೆ ಬಂದಾಗ ನನ್ನ ಜೊತೆಗೆ ಬಂದದ್ದು ಹಿದುಕಿದ ಬೇಳೆಯ ಸಾರು ಮತ್ತು ಈ ಕಾನೂನು ಎರಡೇ.

ನನ್ನ ಕಣ್ಣು ಮಂಜಾದ ಮೇಲೆ ಆ ಜಾಗ ನನ್ನ ಮಗರಾಯ ಚಂದ್ರುವಿಗೆ ಕೊಟ್ಟಿದ್ದೆ. ಅವನು ಏನು ಓದುತ್ತಿದ್ದ ಹೇಳು? ಪೇಪರಿನ ಕ್ರಿಕೆಟ್ ಪುಟ. ಯಾರು ಎಷ್ಟು ಹೊಡೆದರು, ಯಾರು ಔಟಾದರು. ಮುತ್ತಮ್ಮ ಅದನ್ನೂ ಬಾಯಿ ಬಿಟ್ಟುಕೊಂಡು ಕೇಳಿ, ಆ ಔಟಾದ ಹುಡುಗನಿಗೆ ಏಟು ಜಾಸ್ತಿ ಆಯಿತಾ ಎಂದು ಕೇಳುತ್ತಿದ್ದಳು. ನೀನು ಸೊಸೆಯಾಗಿ ಬಂದ ಮೊದಲ ಚಳಿಗಾಲದಲ್ಲೇ ಅವನನ್ನು ಎಬ್ಬಿಸಿ ನಿನ್ನನ್ನು ಕೂರಿಸಿದೆ. ಅವನಿಗೆ ಹೊಟ್ಟೆಕಿಚ್ಚು. ಕಾಳನ್ನು ಬೇಕೆಂದೇ ಜೋರಾಗಿ ಹಿದುಕುವುದು, ಬೇಳೆ ಪುಳಕ್ಕನೆ ಹಾರಿ ನಿನ್ನ ಪುಟದ ಮೇಲೆ ಬೀಳುವುದು. ನೀನು ಓದು ನಿಲ್ಲಿಸದೆ ಬೇಳೆಯನ್ನು ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಹಸಿ ಬೇಳೆ ತಿಂದರೆ ಹೊಟ್ಟೆನೋವು ಎಂದು ನಾನು ಬೈಯುತ್ತಿದ್ದೆ. ಆ ಜಗುಲಿ ಈಗಲೂ ಹಾಗೇ ಇದೆ, ಮಧ್ಯಾಹ್ನ ಅಷ್ಟೇ ಬಿಸಿಲು ಬೀಳುತ್ತದೆ.

ಆನೆಕಾಡಿನ ತಿರುವಿನಲ್ಲಿ ಬೈಕು ಬಿದ್ದು ಅವನು ಹೋದ ವರ್ಷ ನಾವು ಅವರೆಕಾಯಿ ತರಲಿಲ್ಲ. ಮನೆಯಲ್ಲೇ ಕೂತರೆ ನೀನು ಕೊರಗಿ ಹೋಗುತ್ತೀಯ ಎಂದು ನಾನೇ ಹಟ ಮಾಡಿ ನಿನ್ನನ್ನು ಬಾಳೆಲೆ ಊರಿನ ಸ್ಕೂಲಿನ ಕೆಲಸಕ್ಕೆ ಕಳಿಸಿದೆ. ಮರುವರ್ಷದ ರಜೆಗೆ ಬಂದವಳು ಸಂತೆಯಿಂದ ಕಾಯಿ ಹೊತ್ತು ತಂದು, ಯಾರನ್ನೂ ಕೇಳದೆ ನೆನೆಹಾಕಿ, ಮಾರನೆಯ ದಿನ ಪುಸ್ತಕ ಹಿಡಿದು ಜಗುಲಿಯಲ್ಲಿ ಕೂತೆ. ಹಿದುಕಲು ಬಾರದವರ ಹಾಗೆ ನಿನ್ನ ಮಾವನೂ ನಾನೂ ಎದುರು ಬದುರು ಕೂತೆವು. ನೀನು ಆ ದಿನ ಓದಿದ್ದು ನನಗೆ ಒಂದು ಮಾತೂ ನೆನಪಿಲ್ಲ, ಆದರೆ ಅವತ್ತು ರಾತ್ರಿ ನಿನ್ನ ಮಾವ ಎಷ್ಟೋ ತಿಂಗಳ ಮೇಲೆ ಎರಡನೆಯ ಮುದ್ದೆ ಹಾಕಿಸಿಕೊಂಡರು. ನಿನ್ನ ಋಣ ಅದು.

ಈಗ ಈ ಸಲದ ರಜೆಯ ಮಾತಿಗೆ ಬರುತ್ತೇನೆ. ಈ ಸಲ ನೀನು ಬಸ್ಸಿನಲ್ಲಿ ಬರಲಿಲ್ಲ. ನಿಮ್ಮ ಸ್ಕೂಲಿನ ಕನ್ನಡ ಮೇಷ್ಟ್ರು ನಾಣಯ್ಯನವರ ಜೀಪಿನಲ್ಲಿ ಬಂದೆ. ಅವರಿಗೆ ಕುಶಾಲನಗರದಲ್ಲಿ ಏನೋ ಕೆಲಸವಿತ್ತಂತೆ. ಬಾಳೆಲೆಯಿಂದ ಇಷ್ಟು ದೂರ ಬರುವಂಥ ಕೆಲಸ ಏನೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಕಾಫಿ ಕೊಡುವಾಗ 'ಟೀಚರಿಗೆ ಸಕ್ಕರೆ ಬೇಡ ಅಮ್ಮ, ಅವರು ಬಿಟ್ಟಿದ್ದಾರೆ' ಎಂದರು. ನೀನು ಸಕ್ಕರೆ ಬಿಟ್ಟದ್ದು ನನಗೇ ಗೊತ್ತಿರಲಿಲ್ಲ ಕಣೇ. ಅವರು ಹೊರಡುವಾಗ ನಿನ್ನ ಕೈಗೆ ಒಂದು ಹಳೆಯ ಕಾದಂಬರಿ, ನನ್ನ ಕೈಗೆ ಅವರ ತಾಯಿ ಕೊಟ್ಟು ಕಳಿಸಿದ ಒಂದು ಬಾಟ್ಲಿ ಕಾಚಂಪುಳಿ. ಆ ಕಪ್ಪು ಹುಳಿಯನ್ನು ಮಾರನೆಯ ದಿನವೇ ನೀನು ಬಸ್ಸಾರಿಗೆ ಹಾಕಿದೆ. ಹುಣಸೆಹಣ್ಣಿಗೆ ಏನು ಬರ ಬಂದಿತ್ತು ಎಂದು ನಾನು ಮೂತಿ ತಿರುವಿದೆ. ನಿನ್ನ ಕೈರುಚಿ ಬೇರೆ ಮನೆಯ ಕಡೆ ಹೊರಳುತ್ತಿದೆ ಎಂದು ಆಗಲೇ ಅನ್ನಿಸಿತ್ತು. ಅನ್ನಿಸಿದ್ದನ್ನೆಲ್ಲ ಆಡುವುದಕ್ಕಾಗುತ್ತದೆಯೇ?

ಆ ಕಾದಂಬರಿಯನ್ನೇ ನೀನು ಜಗುಲಿಯಲ್ಲಿ ಓದಿದೆ. ಗಂಡ ಸತ್ತ ಹಂಸಿನಿ ಎಂಬ ಹುಡುಗಿ, ಅವಳ ಅತ್ತೆ, ಅವಳನ್ನು ಮೆಚ್ಚಿದ ಗಡಿಯಾರ ರಿಪೇರಿಯವನು. ಕಥೆ ಆ ಕಡೆ ಹೊರಟಿದೆ ಎಂದು ಗೊತ್ತಾದ ಮೇಲೆ ನೀನು ಬೇರೆ ಪುಸ್ತಕ ತೆಗೆಯಬಹುದಿತ್ತು. ಆದರೆ ಮುತ್ತಮ್ಮ ಬಿಡಬೇಕಲ್ಲ, ಮುಂದೇನಾಯಿತು ಎಂದು ಬೆಳಿಗ್ಗೆಯೇ ಬಂದು ಕೂರುತ್ತಿದ್ದಳು. ಕೊನೆಯ ದಿನ ನೀನು ಓದಿದ್ದು ನನಗೆ ಬಾಯಿಪಾಠ ಬರುತ್ತದೆ. ಹಂಸಿನಿ ಗಡಿಯಾರದವನಿಗೆ ಹೇಳುತ್ತಾಳೆ: ನಮ್ಮತ್ತೆಗೆ ಕಣ್ಣು ಕಾಣುವುದಿಲ್ಲ, ಅವರನ್ನು ಬಿಟ್ಟು ನಾನು ಬರಲಾರೆ, ನನಗಾಗಿ ಕಾಯಬೇಡಿ. ಹೇಳಿ ಮನೆಗೆ ಬರುತ್ತಾಳೆ. ಅಲ್ಲಿ ಅತ್ತೆ ಮಾರನೆಯ ದಿನಕ್ಕೆ ಅವರೆಕಾಳು ನೆನೆಹಾಕುತ್ತಿರುತ್ತಾಳೆ. ಅಲ್ಲಿಗೆ ಮುಗಿಯಿತು ಎಂದು ನೀನು ಪುಸ್ತಕ ಮುಚ್ಚಿದೆ. ಮುತ್ತಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು 'ಇಂಥ ಸೊಸೆ ಸಿಗಾಕೆ ಪುಣ್ಯ ಮಾಡಿರ್ಬೇಕು ಕಣಕ್ಕ' ಅಂದಳು. ನಿಜ ಹೇಳುತ್ತೇನೆ, ನನ್ನ ಹೊಟ್ಟೆಯೂ ತಣ್ಣಗಾಯಿತು.

ಆದರೆ ವೀಣಾ, ನನಗೆ ಮಂಜಾಗಿದ್ದದ್ದು ಕಣ್ಣು, ಕಿವಿಯಲ್ಲ. ನೀನು ಅಷ್ಟು ಹೊತ್ತು ಓದಿದರೂ ಹಾಳೆ ತಿರುಗಿದ ಸದ್ದೇ ಕೇಳಲಿಲ್ಲ. ಅದಕ್ಕೇ ನೀನು ಹೊರಡುವಾಗ ಪುಸ್ತಕ ಇಲ್ಲೇ ಇರಲಿ ಎಂದು ನಾನು ಹೇಳಿದೆ. ಕಣ್ಣು ಕಾಣದ ಮುದುಕಿಗೆ ಪುಸ್ತಕ ಯಾಕೆ ಎಂದು ಕೇಳಲು ನಿನಗೆ ಬಾಯಿ ಬರಲಿಲ್ಲ.

ಕಣ್ಣು ಬಂದ ಮೇಲೆ ಮೊದಲು ಓದಿದ್ದು ಅದನ್ನೇ. ಒಂದೊಂದೇ ಅಕ್ಷರ ಕೂಡಿಸಿಕೊಂಡು, ದಿನಕ್ಕೆ ಸ್ವಲ್ಪ ಸ್ವಲ್ಪ. ಪುಸ್ತಕದ ಅತ್ತೆಗೆ ಕಣ್ಣು ಚೆನ್ನಾಗಿಯೇ ಇದೆ. ದೀಪದ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸುತ್ತಾಳೆ. ಅವರೆಕಾಳಿನ ಹೆಸರು ಆ ಪುಸ್ತಕದಲ್ಲಿ ಎಲ್ಲೂ ಇಲ್ಲ. ಹಂಸಿನಿ ಗಡಿಯಾರದವನಿಗೆ ಆಗಲಿ ಎನ್ನುತ್ತಾಳೆ, ಮದುವೆಯಾಗುತ್ತಾಳೆ, ಅವನ ಜೊತೆ ಬಸ್ಸು ಹತ್ತುತ್ತಾಳೆ. ಕಣ್ಣು ಕಾಣದ ಅತ್ತೆಯನ್ನು ನೀನು ಎಲ್ಲಿಂದ ತಂದೆ ಎಂದು ನನಗೆ ತಿಳಿಯದೇ? ನೀನು ಓದಿದ ಆ ಮಾತು ಹಂಸಿನಿಯದಲ್ಲ. ನಾಣಯ್ಯನವರಿಗೆ ನೀನು ಕೊಟ್ಟುಬಿಟ್ಟ ಉತ್ತರ ಅದು.

ನನಗೆ ಸಿಟ್ಟು ಬಂತು. ನಮ್ಮ ಚಂದ್ರುವಿನ ಜಾಗದಲ್ಲಿ ಇನ್ನೊಬ್ಬರೇ ಎಂದು ಅತ್ತುಬಿಟ್ಟೆ. ಪುಸ್ತಕವನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ಎರಡು ದಿನ ನಿನ್ನ ಫೋನು ತೆಗೆಯಲಿಲ್ಲವಲ್ಲ, ಡ್ರಾಪ್ಸ್ ಹಾಕಿಕೊಂಡು ಮಲಗಿದ್ದೆ ಎಂದೆನಲ್ಲ, ಅದು ಸುಳ್ಳು. ಅಡುಗೆಗೆ ಇಳಿದ ನಿನ್ನ ಮಾವನ ಕೈಗೆ ಅಕ್ಕಿಯಲ್ಲಿ ಪುಸ್ತಕ ಸಿಕ್ಕಿತು. ಇದೇನು ಹೊಸ ಅಡುಗೆ ಎಂದು ಕೇಳಿದರು. ಎಲ್ಲ ಹೇಳಿದೆ. ಅವರು ಎದ್ದು ಶುಂಠಿ ಹೊಲಕ್ಕೆ ಹೋದರು. ಸಂಜೆ ಬಂದು ಕೈಕಾಲು ತೊಳೆದುಕೊಂಡು ಹೇಳಿದರು: 'ಆರು ವರ್ಷದಿಂದ ನಮಗೇ ಅಂತ ಓದ್ತಾವ್ಳೆ ಆ ಮಗು. ಸಾಕು ಎದ್ದೇಳವ್ವ ಅಂತ ಕೇಳೋರು ಹೇಳ್ಬೇಕು ಕಣೆ. ಓದೋರು ಹೆಂಗೆ ಹೇಳ್ತಾರೆ?' ನಲವತ್ತೈದು ವರ್ಷ ಸಂಸಾರ ಮಾಡಿದ್ದೇನೆ, ಆ ಮನುಷ್ಯ ಒಟ್ಟಿಗೆ ಅಷ್ಟು ಮಾತಾಡಿದ್ದು ಕಡಿಮೆ.

ಅದಕ್ಕೇ ಹೇಳುತ್ತಿದ್ದೇನೆ. ಸಾಕು, ಎದ್ದೇಳು ಮಗಳೇ. ನನ್ನ ಕಣ್ಣಿನ ನೆಪ ಇನ್ನು ನಡೆಯುವುದಿಲ್ಲ, ಡಾಕ್ಟರು ತೆಗೆದು ಎಸೆದರು. ಎಡಗಣ್ಣೂ ಮಳೆಗಾಲದೊಳಗೆ ಆಗುತ್ತದೆ. ಚಂದ್ರುವಿಗೆ ಏನನ್ನಿಸುತ್ತದೋ ಎಂದು ಕೊರಗಬೇಡ. ಅವನ ಫೋಟೋ ಈ ಮನೆಯಲ್ಲಿ ಇರುತ್ತದೆ, ಅವನನ್ನು ನೋಡಿಕೊಳ್ಳಲು ಹೆತ್ತವಳು ನಾನಿದ್ದೇನೆ. ನೆಂಟರು ಜಾತಿ ಎತ್ತುತ್ತಾರೆ, ವಯಸ್ಸು ಎತ್ತುತ್ತಾರೆ. ಆಡುವವರ ಬಾಯಿಗೆ ಬೀಗ ಹಾಕಲು ಆಗುವುದಿಲ್ಲ, ನಾಲ್ಕು ದಿನ ಆಡಿ ಅವರವರ ಹೊಲಕ್ಕೆ ಹೋಗುತ್ತಾರೆ. ಕೊಡವರ ಮನೆಯ ಹಂದಿ ನಿನಗೆ ಸೇರುತ್ತದೋ ಇಲ್ಲವೋ ನಿನಗೆ ಬಿಟ್ಟದ್ದು, ನಾನಂತೂ ಮುಟ್ಟುವುದಿಲ್ಲ ಎಂದು ಈಗಲೇ ಹೇಳಿರು.

ಶಿವರಾತ್ರಿಗೆ ಬಾ. ನಾಣಯ್ಯನವರನ್ನೂ ಕರೆದುಕೊಂಡು ಬಾ. ಅವರ ಪುಸ್ತಕ ಅವರ ಕೈಗೇ ಕೊಡಬೇಕು. ಕೊನೆಯ ಕಾಯಿಯ ಬೇಳೆಯನ್ನು ಒಣಗಿಸಿ ಡಬ್ಬಿಗೆ ಹಾಕಿಟ್ಟಿದ್ದೇನೆ. ಅದರ ಮಸಾಲೆ ನೀನು ಅಲ್ಲಿ ಮಾಡುವಾಗ ಕೆಡಿಸುತ್ತೀಯ, ಅದನ್ನೂ ಸರಿಯಾಗಿ ಕೇಳಿಕೋ. ಈರುಳ್ಳಿ ಕೆಂಪಗೆ ಹುರಿಯುವವರೆಗೂ ತೆಂಗಿನಕಾಯಿ ಹಾಕಬೇಡ, ಧನಿಯಾ ಕೈ ಬಿಡದೆ ಹುರಿ, ಚಕ್ಕೆ ಲವಂಗ ಮೂಗಿಗೆ ಗೊತ್ತಾಗುವಷ್ಟು, ಗಸಗಸೆಯನ್ನು ಮರೆಯಬೇಡ. ನೆನೆಸಿ ಬೇಯಿಸಿದ ಬೇಳೆಯನ್ನು ಕೊನೆಯಲ್ಲಿ ಹಾಕಿ ಎರಡು ಕುದಿ ಬಂದ ಕೂಡಲೇ ಇಳಿಸು. ಆ ಮನೆಗೆ ನೀನು ತೆಗೆದುಕೊಂಡು ಹೋಗಬೇಕಾದದ್ದು ಇದು. ಅವರ ತಾಯಿಗೆ ಹೇಳು, ಕಾಚಂಪುಳಿಯ ಬಾಟ್ಲಿ ಖಾಲಿಯಾಯಿತು ಎಂದು. ಹುರುಳಿ ಸಾರಿಗೆ ಒಂದು ತೊಟ್ಟು ಬಿಟ್ಟರೆ ಅಷ್ಟೇನೂ ಕೆಟ್ಟದಾಗಿಲ್ಲ.

ನಮ್ಮ ಚಿಂತೆ ಮಾಡಬೇಡ. ಓದಲು ನನಗೀಗ ನಾನೇ ಸಾಕು, ಹಿದುಕಲು ನಿನ್ನ ಮಾವ ಇದ್ದಾರೆ. ಮುತ್ತಮ್ಮನಿಗೆ ಮಾತ್ರ ಹಂಸಿನಿಯ ನಿಜವಾದ ಕಥೆ ಇನ್ನೂ ಹೇಳಿಲ್ಲ. ಅವಳಿಗೆ ಅದನ್ನು ನೀನೇ ಓದಿ ಹೇಳು, ಈ ಸಲ ಹಾಳೆ ತಿರುಗಿಸಿಕೊಂಡು.

ಇನ್ನೊಮ್ಮೆ ಕಾಗದದ ತಲೆ ನೋಡು. ನೀನು ಈ ಮನೆಗೆ ಬಂದಾಗಿನಿಂದ ನಿನ್ನ ಹೆಸರಿನ ಹಿಂದೆ 'ಚಿ. ಸೌ.' ಎಂದು ಬರೆಯುತ್ತಿದ್ದವಳು ನಾನು. ಚಂದ್ರು ಹೋದ ಮೇಲೆ 'ಸೌ.' ಬರೆಯಲು ಕೈ ಬರಲಿಲ್ಲ. ಈ ಸಲ ಅದು ಕೂರುವಷ್ಟು ಜಾಗ ಬಿಟ್ಟು ಬರೆದಿದ್ದೇನೆ. ತುಂಬುವುದು ನಿನಗೆ ಸೇರಿದ್ದು.

ಇಂತಿ ನಿನ್ನ ಅತ್ತೆ,
ರಾಮಮ್ಮ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಹಂಸಿನಿ ಬಸ್ಸು ಹತ್ತಿದ ಮೇಲೆ ಆ ಪುಸ್ತಕದಲ್ಲಿ ಇನ್ನೂ ಎರಡು ಅಧ್ಯಾಯಗಳಿವೆ. ಅಲ್ಲೆಲ್ಲಾದರೂ ಅತ್ತೆ ಬರುತ್ತಾಳೇನೋ ಎಂದು ಹುಡುಕಿದೆ. ಮುಗಿಸಿ ಮತ್ತೆ ಮೊದಲಿನಿಂದ ಹುಡುಕಿದೆ. ಒಂದು ಸಾಲೂ ಇಲ್ಲ. ಉಂಡಳೋ, ಬಿಟ್ಟಳೋ, ಇದ್ದಾಳೋ, ಸತ್ತಳೋ, ಬರೆದವರಿಗೆ ಅವಳ ನೆನಪೇ ಆಗಿಲ್ಲ. ನೀನು ಓದಿದ ಕಥೆಯ ಕೊನೆಯಲ್ಲಿ ಮಾತ್ರ ಅವಳು ಇದ್ದಳು, ಅವರೆಕಾಳು ನೆನೆಹಾಕಿಕೊಂಡು. ಮಿಕ್ಕದ್ದೆಲ್ಲ ಪುಸ್ತಕದಲ್ಲಿ ಇರುವ ಹಾಗೆಯೇ ಆಗಲಿ ಮಗಳೇ. ಆ ಒಂದು ಸಾಲು ಮಾತ್ರ ನೀನು ಓದಿದ ಹಾಗೆ ಇರಲಿ.