ಇಳಿಜಾರು

ಸೆಪ್ಟೆಂಬರ್ 14, ಭಾನುವಾರ.

ನಿದ್ದೆ ಬರುತ್ತಿಲ್ಲ. ಬಲಗಾಲು ಹಾಸಿಗೆಯಲ್ಲೂ ಬ್ರೇಕ್ ಒತ್ತುತ್ತಿದೆ.

ಓಶ್ ನಗರದ ದಾರಿಯ ಘಾಟಿಯಲ್ಲಿ ನನ್ನ ಲಾರಿ ಉರುಳಿದ ಮೇಲೆ ನಾನು ಸ್ಟಿಯರಿಂಗ್ ಮುಟ್ಟಿಲ್ಲ. ಕಳೆದ ವಾರ ಸುಮ್ಮನಿರಲಾರದೆ ಅಟ್ಟದಿಂದ ಹಳೆಯ ರಿಮೋಟ್ ಆಟಿಕೆ ಲಾರಿಯನ್ನು ಇಳಿಸಿದೆ. ತೋಳುದ್ದದ ಗಾಡಿ. ಮದುವೆಗೆ ಮೊದಲು ಅದನ್ನು ಕಲ್ಲುಗುಡ್ಡ ಹತ್ತಿಸುವ ಹುಚ್ಚು ನನಗಿತ್ತು. ಹೊಸ ಬ್ಯಾಟರಿ ಹಾಕಿದೆ, ಗೇರಿಗೆ ಗ್ರೀಸ್ ಹಚ್ಚಿದೆ.

ಇವತ್ತು ಹೆಂಡತಿ ಗುಲ್ಸಾಯ್ರಾ ಫ್ಲಾಸ್ಕಿಗೆ ಚಹಾ ತುಂಬಿಕೊಂಡು ನನ್ನ ಜೊತೆ ಒಣಹೊಳೆಯ ಹತ್ತಿರದ ಕಲ್ಲುಗುಡ್ಡಕ್ಕೆ ಬಂದಳು. ಮೊದಲ ಏರಿನಲ್ಲೇ ಗಾಡಿ ಮಗುಚಿತು. ಅವಳು ಓಡಿಹೋಗಿ ಅದನ್ನು ನೆಟ್ಟಗೆ ನಿಲ್ಲಿಸಿದಳು.

"ಯಾಕ್ರೀ ಹಂಗ್ ಬೆಳ್ಳಗಾದ್ರಿ? ಇದ್ರೊಳಗೆ ನೀವಿಲ್ವಲ್ಲ! ಹತ್ಸಿ ಮತ್ತೆ."

"ನಗ್ಬೇಡ ಕಣೇ."

"ನಗ್ದೆ ಇನ್ನೇನ್ ಮಾಡ್ಲಿ? ಅವತ್ತು ಆಸ್ಪತ್ರೇಲಿ ಅತ್ತಿದ್ದೇ ಸಾಕು."

ಹತ್ತಿಸಿದೆ. ಕಲ್ಲಿಂದ ಕಲ್ಲಿಗೆ ತಡವರಿಸುತ್ತ ಅದು ತುದಿ ಮುಟ್ಟಿತು. ಅವಳು ಚಪ್ಪಾಳೆ ತಟ್ಟಿದಳು. ನನ್ನ ಎದೆ ಹಗುರಾಯಿತು, ಅರೆಕ್ಷಣ ಮಾತ್ರ. ಅವತ್ತು ನಾನು ಉರುಳಿದ್ದು ಏರುವಾಗ ಅಲ್ಲ, ಇಳಿಯುವಾಗ. ಗಾಡಿ ಇಳಿಸಲು ಹೋದರೆ ರಿಮೋಟಿನ ಮೇಲಿದ್ದ ಬೆರಳು ಅಲುಗಲೇ ಇಲ್ಲ. ಕೊನೆಗೆ ನಾನೇ ಗುಡ್ಡ ಹತ್ತಿ, ಗಾಡಿಯನ್ನು ಎದೆಗವಚಿಕೊಂಡು ಕೆಳಗೆ ತಂದೆ. ಗುಲ್ಸಾಯ್ರಾ ಏನೂ ಅನ್ನದೆ ಚಹಾ ಬಗ್ಗಿಸಿ ಕೊಟ್ಟಳು.

ಅವಳು ಏನಾದರೂ ಅನ್ನಬೇಕಿತ್ತು. ಬೈದಿದ್ದರೂ ಆಗುತ್ತಿತ್ತು.

ನಾಳೆ ಬೆಳಿಗ್ಗೆ ಅವಳು ಏಳುವ ಮೊದಲೇ ಒಬ್ಬನೇ ಹೋಗಿಬರೋಣ ಅಂದುಕೊಂಡಿದ್ದೆ. ಬೇಡ, ಎಬ್ಬಿಸಿಕೊಂಡೇ ಹೋಗುತ್ತೇನೆ. ಕಣ್ಣು ಎಳೆಯುತ್ತಿದೆ. ಅವಳು ಇಳಿಜಾರಿನ ಬುಡದಲ್ಲಿ ನಿಂತಿರಲಿ. ನಾನು ಅವಳ ಮುಖವನ್ನೇ ನೋಡುತ್ತ, ಗಾಡಿಯನ್ನು ಮೆಲ್ಲಗೆ, ಒಂದೊಂದೇ ಕಲ್ಲು ಇಳಿಸುತ್ತ…