ಎಂಬತ್ತರಲ್ಲೇ ಏಳುವ ಯಂತ್ರ

ಮಂಗಳವಾರ, ಮಾರ್ಚ್ ೧೧

ತಪ್ಪು ನನ್ನದೇ. ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ.

ಅಂಧ ಮಕ್ಕಳ ಪಾಠ ಅಚ್ಚು ಹಾಕುವ ಬ್ರೈಲ್ ಮುದ್ರಣಯಂತ್ರ ನಡೆಸುವ ನಮ್ಮ ಮುದಿ ಕಂಪ್ಯೂಟರಿನ ಒಳಗಿನ ಬ್ಯಾಟರಿ ಸತ್ತು ಎಷ್ಟೋ ವರ್ಷವಾಯಿತು. ದಿನಾ ಬೆಳಿಗ್ಗೆ ಅದು ೧೯೮೦ರ ಜನವರಿ ಒಂದಕ್ಕೇ ಏಳುತ್ತದೆ. ಆ ದಿನದ ತಾರೀಖನ್ನು ನಾನೇ ಟೈಪ್ ಮಾಡಬೇಕು. ನಿನ್ನೆ ಅವಸರದಲ್ಲಿ ಮರೆತೆ. ನಾನು ತಿದ್ದಿದ ವಿಜ್ಞಾನ ಪಾಠಕ್ಕೆ ೧೯೮೦ರ ತಾರೀಖೇ ಬಿತ್ತು. ಸಂಜೆ ಕಂಪ್ಯೂಟರು ಎರಡು ಪ್ರತಿಯ ತಾರೀಖು ಹೋಲಿಸಿ ಹೊಸದನ್ನು ಉಳಿಸಿಕೊಳ್ಳುವಾಗ, ಅದನ್ನೇ ಹಳೆಯದೆಂದು ಅಳಿಸಿ, ತಪ್ಪಿನ ಪಾಠವನ್ನು ಉಳಿಸಿಕೊಂಡಿದೆ.

ಕಣ್ಣು ಕಾಣದ, ಕರಡು ಓದುವ ಅಕ್ಕ ಇವತ್ತು ಹಾಳೆಯ ಮೇಲೆ ಬೆರಳಾಡಿಸುತ್ತ ತಟ್ಟನೆ ನಿಲ್ಲಿಸಿದರು. "ಏನೇ ಇದು, ಮೊನ್ನೆ ಹಿಡಿದ ತಪ್ಪೆಲ್ಲ ವಾಪಸ್ ಬಂದಿದೆಯಲ್ಲ!"

ಮ್ಯಾನೇಜರಿಗೆ ಅಷ್ಟೇ ಸಾಕಾಯಿತು. "ಎಷ್ಟು ಸಲ ಬಡ್ಕೊಂಡೆ, ಈ ಡಬ್ಬಾನ ಗುಜರಿಗೆ ಹಾಕಿ ಅಂತ!"

"ಹೊಸ ಕಂಪ್ಯೂಟರಿಗೆ ಈ ಯಂತ್ರದ ಕೇಬಲ್ಲೇ ಕೂರಲ್ಲ ಸಾರ್. ಆಮೇಲೆ ಮಕ್ಕಳು ಏನು ಓದ್ಬೇಕು?" ಎಂದೆ. ದನಿ ಸ್ವಲ್ಪ ಏರಿತು, ಏರಲಿ.

ನಲವತ್ತು ಪುಟ. ಅಕ್ಕ ಬೆರಳಿಟ್ಟು ಹೇಳುತ್ತಾರೆ, ನಾನು ತಿದ್ದುತ್ತೇನೆ. ಶುಕ್ರವಾರದೊಳಗೆ ಮುಗಿಸಿಯೇ ತೀರುತ್ತೇನೆ.

ಕಣ್ಣು ಎಳೆಯುತ್ತಿದೆ. ನಾಳೆಯೂ ಅದು ಎಂಬತ್ತರಲ್ಲೇ ಏಳುತ್ತದೆ, ಪಾಪ. ಏಳಲಿ. ಇವತ್ತು ಯಾವ ದಿನ ಎಂದು ಹೇಳಲು ನಾನಿದ್ದೇನೆ.