ಹುತ್ತದ ಬಣ್ಣಕ್ಕೆ ಒಡೆಯನಾದವನ ಅಹವಾಲು

ಮಾನ್ಯ ಬಟ್ಟೆ-ಬಣ್ಣ ನಿಯಂತ್ರಣಾಧಿಕಾರಿಗಳೇ,

ನಾನು ಬೇಡಿದ್ದನ್ನು ನೀವು ಕೊಟ್ಟಿರಿ. ನನ್ನ ದೂರು ಅದೇ. ಟಿಕೋಟಾದ ದನ ಮೇಯುವ ಗಾಯರಾಣದಲ್ಲಿ ಹುತ್ತಗಳ ಮೇಲೆ ಏಳುವ ಅಣಬೆಯನ್ನು ಕೀಳುವ ಹಕ್ಕು ನನ್ನೊಬ್ಬನದೇ ಎಂದು ಪರವಾನಗಿ ಬರೆದು, ಮೊಹರು ಒತ್ತಿ, ಜವಾನನ ಕೈಯಲ್ಲಿ ನನ್ನ ಅಂಗಡಿಗೇ ಕಳಿಸಿದಿರಿ. ಸರಕಾರದ ಕೆಲಸ ಇಷ್ಟು ಚುರುಕಾಗಿ ನಡೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದರ ಫಲವಾಗಿ ಟಿಕೋಟಾದ ಪರಸವ್ವ ಎಂಬ ಹೆಣ್ಣುಮಗಳು ಬರುವ ಸೋಮವಾರ ನಿಮ್ಮೆದುರು ಕಳ್ಳಿಯಾಗಿ ನಿಲ್ಲಬೇಕಾಗಿದೆ. ಆಕೆಯ ವಿರುದ್ಧ ಸಾಕ್ಷಿ ಹೇಳಿದವನೂ ನಾನೇ. ಇದನ್ನು ತಿದ್ದಿಕೊಳ್ಳಲು ಕೊಟ್ಟ ಮನವಿ ನಿಮ್ಮ ಕಚೇರಿಯ ಯಾವ ಕಟ್ಟಿನೊಳಗೆ ಸೇರಿತೋ ತಿಳಿಯಲಿಲ್ಲ. ಅದಕ್ಕೇ ನಾಲ್ಕು ಜನ ಓದುವಂತೆ ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಸೊಲ್ಲಾಪುರ ರಸ್ತೆಯಲ್ಲಿ ನನ್ನದು ನೂಲಿಗೆ ಬಣ್ಣ ಹಾಕುವ ಅಂಗಡಿ. ಯುದ್ಧಕ್ಕೆ ಮೊದಲು ಹಡಗಿನಲ್ಲಿ ಬರುತ್ತಿದ್ದ ಡಬ್ಬಿ ಬಣ್ಣವೇ ನನ್ನ ಅನ್ನ. ಹಿತ್ತಲಿನ ಗಟಾರ ಒಂದು ದಿನ ಕೆಂಪು, ಒಂದು ದಿನ ಹಸಿರು ಹರಿಯುತ್ತಿತ್ತು. ಅದರ ದಂಡೆಯ ಹುಲ್ಲು ಸುಟ್ಟುಹೋಯಿತು, ಮೇಕೆಗಳೂ ಆ ಕಡೆ ಮೂಸುತ್ತಿರಲಿಲ್ಲ. ನಾನು ಅದನ್ನು ವ್ಯಾಪಾರದ ಲಕ್ಷಣವೆಂದೇ ತಿಳಿದಿದ್ದೆ. ಯುದ್ಧ ಬಂತು, ಡಬ್ಬಿ ನಿಂತವು, ಕಾಳಬಜಾರಿನಲ್ಲಿ ಸಿಕ್ಕ ಬಣ್ಣ ಮೊದಲ ಒಗೆತಕ್ಕೇ ನೀರು ಪಾಲಾಯಿತು. ಆಗ ಬಬಲೇಶ್ವರದ ಸಂತೆಯಲ್ಲಿ ಕೌದಿ ಹೊಲಿಯುವ ದಾರ ಮಾರುತ್ತಿದ್ದ ಪರಸವ್ವ ಕಣ್ಣಿಗೆ ಬಿದ್ದಳು. ಸುಟ್ಟ ಇಟ್ಟಂಗಿಯ ಬಣ್ಣದ ದಾರ. ಉಜ್ಜಿದರೂ ಬಿಡಲಿಲ್ಲ, ಬಿಸಿಲಿಗಿಟ್ಟರೂ ಮಾಸಲಿಲ್ಲ.

"ಏನ್ರಿ ಸಾವ್ಕಾರ್ರ, ಡಬ್ಬಿ ಖಾಲಿ ಆದ್ವೇನ್ರಿ? ಈಗ ನಮ್ಮ ದಾರ ಕಣ್ಣಿಗಿ ಕಾಣಾಕತ್ತೈತಿ ನೋಡ್ರಿ," ಎಂದು ನಕ್ಕಳು. ನಕ್ಕರೂ ಮುಚ್ಚಿಡಲಿಲ್ಲ, ಟಿಕೋಟಾಕ್ಕೆ ಕರೆದು ಎಲ್ಲ ತೋರಿಸಿದಳು. ಮಳೆಯಾದ ಮೇಲೆ ಹುತ್ತದ ನೆತ್ತಿಯಲ್ಲಿ ಬಿಚ್ಚದ ಛತ್ರಿಯಂತೆ ಬಿಳಿ ಅಣಬೆ ಏಳುತ್ತದೆ. ಹಸಿಯಾಗಿದ್ದಾಗ ಅದರಲ್ಲಿ ಬಣ್ಣವಿಲ್ಲ. ನಿಂತಲ್ಲೇ ಒಣಗಿದಾಗ ಒಳಗೆಲ್ಲ ಕಂದು ಪುಡಿಯಾಗುತ್ತದೆ. ಅಲ್ಲಿಯ ಹೆಂಗಸರು ನಾಗರ ಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ತನಕ ಅದನ್ನು ಮುಟ್ಟುವುದಿಲ್ಲ. ಆಮೇಲೆ ಕಿತ್ತರೂ ಪ್ರತಿ ಹುತ್ತದಲ್ಲಿ ಒಂದನ್ನು ಮುರಿದು, ಪುಡಿಯನ್ನು ಹುತ್ತದ ಮೇಲೇ ಊದಿ ಬರುತ್ತಾರೆ. ಅದು ಹುತ್ತದ ಪಾಲು. ಉಳಿದ ಪುಡಿಯನ್ನು ಬಣ್ಣ ಹಿಡಿಸುವ ಪಟಕದ ನೀರಿನಲ್ಲಿ ಕುದಿಸಿ ದಾರ ಅದ್ದುತ್ತಾರೆ. ಆ ನೀರು ಚೆಲ್ಲಿದ ಕಡೆ ಪರಸವ್ವನ ಬದನೆ ಗಿಡ ಸೊಂಪಾಗಿ ಬೆಳೆದಿತ್ತು.

ಇದನ್ನೆಲ್ಲ ಕಲಿತು ಬಂದ ನಾನು ಮಾಡಿದ್ದೇನು? ಬೇರೆ ಬಣ್ಣಗಾರರು ಮುಗಿಬೀಳುವ ಮೊದಲೇ ನಿಮಗೆ ಅರ್ಜಿ ಹಾಕಿದೆ. ಅದರಲ್ಲಿ ದೇಶಸೇವೆ, ಸ್ವದೇಶಿ ಎಂದೆಲ್ಲ ಬರೆದೆ. ಪರಸವ್ವನ ಹೆಸರು ಬರೆಯಲಿಲ್ಲ. ಮರೆತೆನೆಂದು ಹೇಳಿದರೆ ಸುಳ್ಳಾಗುತ್ತದೆ. ನೀವಾದರೂ ಒಂದು ಮಾತು ಕೇಳಬಹುದಿತ್ತಲ್ಲ, ಇದು ನಿನಗೆ ಯಾರು ಕಲಿಸಿದರಪ್ಪಾ ಎಂದು? ಕೇಳಲಿಲ್ಲ. ಬದಲಿಗೆ, ಕಿತ್ತ ಮಾಲನ್ನು ತೂಕ ಮಾಡಿ ತೋರಿಸತಕ್ಕದ್ದು, ತೂಕ ಕಡಿಮೆ ಬಿದ್ದರೆ ಪರವಾನಗಿ ರದ್ದು ಎಂದು ಷರತ್ತು ಹಾಕಿದಿರಿ. ಸ್ವಾಮಿ, ಮಾಗಿದ ಅಣಬೆ ಊದಿದರೆ ಹಾರುತ್ತದೆ. ತೂಗುವುದು ಹಸಿ ಅಣಬೆ ಮಾತ್ರ. ನನ್ನ ಆಳುಗಳು ಪಂಚಮಿಗೆ ಮೊದಲೇ ಹುತ್ತ ಒಡೆದು ಬಿಳಿ ಅಣಬೆಗಳನ್ನು ಬುಡಸಮೇತ ಕಿತ್ತು ಚೀಲ ತುಂಬಿದರು. ತಕ್ಕಡಿಗೆ ಸಂತೋಷವಾಯಿತು, ನಿಮ್ಮ ಗುಮಾಸ್ತರಿಗೂ ಆಯಿತು. ನನಗೂ ಆಯಿತು ಎಂದು ಹೇಳಲು ನಾಚಿಕೆಯಾಗುತ್ತದೆ. ವಾರದೊಳಗೆ ಚೀಲಗಳೆಲ್ಲ ಕೊಳೆತು ನಾರಿದವು. ಒಂದು ಎಳೆ ದಾರಕ್ಕೂ ಬಣ್ಣ ಸಿಗಲಿಲ್ಲ.

ಜಾಲಿ ಕಂಟಿಯೊಳಗೆ ನನ್ನ ಆಳುಗಳಿಗೆ ಕಾಣದೆ ಉಳಿದ ಕೆಲವು ಅಣಬೆಗಳನ್ನು ಪರಸವ್ವ ಪಂಚಮಿಯಾದ ಮೇಲೆ ತಂದಳು. ನಿಮ್ಮ ಪಹರೆಯವರು ಅವಳ ಸೆರಗಿನ ಗಂಟನ್ನೇ ಹಿಡಿದರು. ಚಾವಡಿಯ ಮೆಟ್ಟಿಲ ಕೆಳಗೆ, ಬಿಸಿಲಿನಲ್ಲಿ ಅವಳನ್ನು ಕೂಡಿಸಿದ್ದರು. ನನಗೆ ಒಳಗೆ ಕುರ್ಚಿ ಹಾಕಿದ್ದರು.

"ಸಾವ್ಕಾರ್ರ, ಈ ಮಾಲು ನಿಮ್ಮದು ಹೌದೋ ಅಲ್ಲೋ, ಒಂದ ಮಾತಿನ್ಯಾಗ ಹೇಳ್ರಿ," ಎಂದರು ಊರ ಲೆಕ್ಕದ ತಲಾಟಿ.

ಅಲ್ಲ ಎಂದರೆ ಪರವಾನಗಿ ಹೋಗುತ್ತದೆ ಎಂದು ಹೆದರಿದೆ. "ಕಾಗದದ ಪ್ರಕಾರ ನಂದ ರೀ," ಎಂದೆ.

ಪರಸವ್ವ ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. "ನಿಮ್ಮದಂದ ಮ್ಯಾಲ ಒಯ್ರಿ. ಖರೆ, ಹುತ್ತದ ಪಾಲು ಹುತ್ತಕ್ಕ ಕೊಟ್ಟು ಒಯ್ರಿ. ಅದನ್ನ ನಾನೂ ಮುಟ್ಟಾಂಗಿಲ್ಲ, ನೀವೂ ಮುಟ್ಟಬ್ಯಾಡ್ರಿ," ಎಂದಳು. ಗಂಟನ್ನು ನನ್ನ ಕೈಗೆ ಕೊಟ್ಟರು. ಅಂದಿನಿಂದ ಅನ್ನದ ಮುಂದೆ ಕೂತರೂ ಆ ಮಾತೇ ಕಿವಿಯಲ್ಲಿದೆ.

ಗಂಟನ್ನು ಆಕೆಗೇ ಕೊಡಲು ಹೋದೆ. ಬಾಗಿಲಿಗೆ ಬಂದಳು, ಕೈ ಮಾತ್ರ ಚಾಚಲಿಲ್ಲ. ಅಲ್ಲಿಂದ ಗಾಯರಾಣಕ್ಕೆ ನಡೆದೆ. ನನ್ನ ಆಳುಗಳು ಒಡೆದ ಹುತ್ತಗಳ ಮೇಲೆ ಆ ಪುಡಿಯನ್ನಷ್ಟೂ ಊದಿ ಬಂದೆ. ಸರಕಾರಿ ಲೆಕ್ಕದ ಮಾಲನ್ನು ಹಾಳು ಮಾಡಿದ ಅಪರಾಧ ಇದಾದರೆ, ಅದಕ್ಕೂ ಕಾಯಿದೆಯ ಒಂದು ಕಲಮು ಹುಡುಕಿ ನನ್ನ ಮೇಲೆ ಹಾಕಿ. ನಾಳೆ ಯುದ್ಧ ಮುಗಿದು ಡಬ್ಬಿಗಳು ಮತ್ತೆ ಬಂದಾವು, ನೀವೂ ನಾನೂ ಹುತ್ತವನ್ನು ಮರೆತೇವು. ಆದರೆ ಹಡಗಿಗೆ ಕಾಯದ, ಗಟಾರ ಕೆಡಿಸದ ಬಣ್ಣವೊಂದು ಈ ಒಣ ನೆಲದಲ್ಲಿ ತಾನಾಗಿ ಏಳುತ್ತಿತ್ತು. ನಿಮ್ಮ ತಕ್ಕಡಿ, ನನ್ನ ಆಸೆ ಸೇರಿ ಅದನ್ನು ಬುಡಸಮೇತ ಕಿತ್ತವು.

ಆದ್ದರಿಂದ ಮತ್ತೆ ಅಣಬೆ ಎಬ್ಬಿಸಬಹುದಾದ ಉತ್ತರಿ ಮಳೆ ಬೀಳುವುದರೊಳಗೆ ನನ್ನ ಪರವಾನಗಿಯನ್ನು ರದ್ದು ಮಾಡಿ. ಇನ್ನಾರಿಗೂ ಅದನ್ನು ಬರೆದುಕೊಡಬೇಡಿ. ಪರಸವ್ವನ ಮೇಲಿನ ಖಟ್ಲೆಯನ್ನು ಕಿತ್ತುಹಾಕಿ. ಅದಕ್ಕೆ ಸಾಕ್ಷಿ ಬೇಕೆಂದರೆ ಸೋಮವಾರ ನಾನು ಬರುತ್ತೇನೆ. ನನಗೆ ಕುರ್ಚಿ ಬೇಡ, ಆಕೆಯನ್ನು ನಿಲ್ಲಿಸಿದಲ್ಲೇ ನನ್ನನ್ನೂ ನಿಲ್ಲಿಸಿ. ಆ ಗಂಟು ಯಾರದು ಎಂದು ಎಲ್ಲರೆದುರು ಇನ್ನೊಮ್ಮೆ ಕೇಳಿ. ಈ ಸಲ ಕಾಗದ ನೋಡದೆ ಹೇಳುತ್ತೇನೆ.

ಇಂತಿ,
ತಮ್ಮ ಕೃಪೆಯಿಂದ ಸೋಮವಾರದವರೆಗೆ ಟಿಕೋಟಾದ ಹುತ್ತಗಳ ಒಡೆಯ,
ಶಂಕರೆಪ್ಪ ಬಣ್ಣಗಾರ
ಸೊಲ್ಲಾಪುರ ರಸ್ತೆ, ವಿಜಾಪುರ